ಪಾರಣೆಯ ಹೊತ್ತಿನ ನೆರಳು

"ನಮ್ಮವ್ವ ಹಾರಾಕತ್ತಾಳ್ರಿ ವೈನಿ," ಎಂದು ಜಿನಗೊಂಡ ತನ್ನ ಮೊಬೈಲನ್ನು ಗಾಜಿನ ಮೇಜಿನ ಮೇಲೆ ಇಟ್ಟ. "ನೋಡ್ರಿ ಬೇಕಾದ್ರ. ಕಾಲ ನೆಲಕ್ಕ ಹತ್ತಿಲ್ಲ. ಮನ್ಯಾಗ ಹುಡುಗ್ರು ಬಿದ್ದ ಬಿದ್ದ ನಗಾಕತ್ತಾವ, ಆಯಿ ಪಾರಿವಾಳ ಆಗ್ಯಾಳ ಅಂತ."

ನೂತನ ಕನ್ನಡಕ ಏರಿಸಿಕೊಂಡು ನೋಡಿದಳು. ಚಿತ್ರದಲ್ಲಿ ಒಬ್ಬ ಮುದುಕಿ ತಿಳಿ ಹಸಿರು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ನಿಂತುಕೊಂಡೇ ಒಂದು ಸ್ಟೀಲಿನ ವಾಟಗವನ್ನು, ಸಣ್ಣ ಬಟ್ಟಲನ್ನು, ತುಟಿಗೆ ಹಚ್ಚಿದ್ದಳು. ಹಿಂದೆ ಹಳೆಯ ಕಾಲದ ಮನೆಯ ಮಗ್ಗುಲಿನ ಅಂಗಳ. ಮರದ ಕಂಬಗಳ ಸಾಲು, ತೆರೆದ ಬಾಗಿಲು, ಒಂದು ಕಡೆ ಬಾವಿ, ಇನ್ನೊಂದು ಕಡೆ ದನದ ಕೊಟ್ಟಿಗೆ. ಮುದುಕಿ ಮಾತ್ರ ಆ ಅಂಗಳಕ್ಕೆ ಸೇರಿದವಳಾಗಿರಲಿಲ್ಲ. ಮೊಳೆಗೆ ನೇತು ಹಾಕಿದ ಕ್ಯಾಲೆಂಡರಿನ ಹಾಗೆ ಗಾಳಿಯಲ್ಲಿದ್ದಳು.

"ಯಾರ ಮಾಡ್ಯಾರಿದನ್ನ?"

"ಎದರ ಮೊಬೈಲ್ ಅಂಗಡಿ ಶುಭಮ. ಒಂದ ಬಟನ್ ಒತ್ತಿದಾ, ಅವ್ವನ ಹಿಂದಿಂದೆಲ್ಲಾ ಹೋತು. ಇನ್ನೊಂದ ಒತ್ತಿದಾ, ನಮ್ಮ ಮನಿ ಬಂತು. 'ದೋನ್ ಮಿನಿಟಾತ ಝಾಲ ಕಾಕಾ, ಎರಡ ನಿಮಿಷದಾಗ ಆತು' ಅಂದ. ನೆಳ್ಳ ಎಲ್ಲೋ ತಮ್ಮಾ ಅಂದ್ರ, 'ನೆಳ್ಳ ಯಾರ ನೋಡ್ತಾರ ಕಾಕಾ, ಮಾರಿ ನೋಡ್ತಾರ' ಅಂದ."

ಒಳಗಿನ ಖುರ್ಚಿಯಲ್ಲಿ ಕೂತಿದ್ದ ಅವಳ ಗಂಡ ಶ್ರೇಣಿಕ ನಕ್ಕ. "ಅಂವಾ ಅಂದದ್ದೇನು ಸುಳ್ಳಲ್ಲ ಜಿನಗೊಂಡ. ಈಗ ಯಾರ ನೋಡ್ತಾರ?"

ಇಚಲಕರಂಜಿಯ ಆ ಓಣಿಯಲ್ಲಿ ಶ್ರೇಣಿಕ ಫೋಟೋ ಸ್ಟುಡಿಯೋ ಹಾಕಿ ಇಪ್ಪತ್ತೇಳು ವರ್ಷವಾಗಿತ್ತು. ಎರಡೂ ಕಡೆ ಮಗ್ಗದ ಕಾರಖಾನೆಗಳು. ಅವು ನಡೆಯುವಷ್ಟು ಹೊತ್ತೂ ಅಂಗಡಿಯ ಗಾಜಿನ ಮೇಜು ಸಣ್ಣಗೆ ನಡುಗುತ್ತಿತ್ತು. ಸಕ್ಕರೆ ಕಾಯಿಲೆ ಶ್ರೇಣಿಕನ ಕಣ್ಣಿಗೆ ಇಳಿದು ಈಗ ಒಂದೂವರೆ ವರ್ಷ. ಬೆಳಕು ಯಾವುದು, ಕತ್ತಲು ಯಾವುದು ಎಂಬುದು ತಿಳಿಯುತ್ತಿತ್ತು; ಎದುರು ನಿಂತವರ ಮುಖ ಮಾತ್ರ ಒರೆಸಿದ ಹಲಗೆಯ ಹಾಗೆ ಕಾಣುತ್ತಿತ್ತು. ಅಲ್ಲಿಯವರೆಗೆ ಕತ್ತರಿಯಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸಿ, ಚೌಕಟ್ಟಿಗೆ ಗಾಜು ಕೂರಿಸಿಕೊಂಡಿದ್ದ ನೂತನ, ನಲವತ್ತಾರನೆಯ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಗಂಡ ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ತಪ್ಪಿ, ಅಳಿಸಿ, ಮತ್ತೆ ಮಾಡಿ ಕಲಿತಳು. ಆದರೂ ದೀಪಾವಳಿಗೆ ಅಂಗಡಿ ಬಿಟ್ಟು, ಗಡಹಿಂಗ್ಲಜದಲ್ಲಿ ತಮ್ಮನ ಗೊಬ್ಬರದ ಅಂಗಡಿಗೆ ಹೋಗಿ ಕೂಡುವುದೆಂದು ಶ್ರೇಣಿಕ ಮಾತು ಕೊಟ್ಟುಬಿಟ್ಟಿದ್ದ. ಅವಳನ್ನು ಕೇಳಿರಲಿಲ್ಲ ಎಂದೇನಲ್ಲ. ಕೇಳಿದ್ದ, ಅವಳು ಉತ್ತರ ಕೊಟ್ಟಿರಲಿಲ್ಲ.

"ಮೊದಲಿನ ಫೋಟೋ ಐತೇನ್ರಿ?" ಎಂದು ನೂತನ ಕೇಳಿದಳು.

ಜಿನಗೊಂಡ ತೋರಿಸಿದ. ಅದೇ ಮುದುಕಿ, ಅದೇ ವಾಟಗ. ಹಿಂದೆ ತಗಡಿನ ಶೆಡ್ಡು, ನೀಲಿ ತಾಡಪತ್ರಿ, ಸಾಲಾಗಿ ಇಟ್ಟ ಗೋಧಿಯ ಚೀಲ, ಹಗ್ಗದ ಮೇಲೆ ಯಾರದೋ ಒದ್ದೆ ಚೊಣ್ಣ, ಯಾರವೋ ಕಾಲುಗಳು.

"ಹತ್ತೊಂಬತ್ತರಾಗ ನೆರಿ ಬಂದಿತ್ತಲ್ರಿ, ಆ ವರ್ಷದ್ದು," ಎಂದ ಜಿನಗೊಂಡ. ಅವನ ದನಿ ಇಳಿಯಿತು. "ಕುರುಂದವಾಡದಾಗ ನಮ್ಮ ಮನಿಯೊಳಗ ಎಂಟ ದಿನ ನೀರ ನಿಂತಿತ್ತು. ಮಣ್ಣಿನ ಗ್ವಾಡಿ. ನೀರ ಇಳದ ಮ್ಯಾಲ ಒಂದೊಂದ ಬೀಳಾಕ ಹತ್ತಿದ್ವು. ಶಾಳೆದ ಮೈದಾನದಾಗ ಶೆಡ್ಡ ಹಾಕಿ ಕೊಟ್ಟಿದ್ರು, ಅಲ್ಲೇ ಇದ್ವಿ. ಅಂಥಾದ್ರಾಗ ಅವ್ವ ದಶಲಕ್ಷಣದ ಹತ್ತೂ ಉಪವಾಸ ಹಿಡದ್ಳು. ಎಪ್ಪತ್ತ ವರ್ಷ ಅಕಿಗೆ. 'ಪಾರಣಿ ಮಾತ್ರ ನಮ್ಮ ಅಂಗಳದಾಗ ಮಾಡ್ತೇನ್ಲೋ ಜಿನ್ಯಾ' ಅಂದಿದ್ಳು. ನಾ ಕರಕೊಂಡ ಹೋಗಲಿಲ್ರಿ. ಮೊಣಕಾಲಮಟ ರಾಡಿ, ಮ್ಯಾಲ ಯಾವ ತೊಲಿ ಯಾವಾಗ ಬೀಳತೈತೋ. ಶೆಡ್ಡಿನ ಮುಂದ ಕುಂಡ್ರಾಕೂ ಒಣ ಜಾಗಾ ಇದ್ದಿಲ್ಲ. ನಿಂತ ಹೆಸರಬ್ಯಾಳಿ ಕಟ್ಟ ಕುಡದ್ಳು. ಮುಂದ ಎರಡ ದಿನಕ್ಕ ಮನಿ ಪೂರಾ ಕುಂತಿತು."

ಮೇಜಿನ ಗಾಜು ನಡುಗುತ್ತಲೇ ಇತ್ತು. ಅವನು ಅದರ ಮೇಲೆ ಅಂಗೈ ಊರಿದ.

"ಈ ಯುಗಾದಿಗೆ ಹೋದ್ಳು. ಹತ್ತ ಉಪವಾಸ ಮಾಡಿದವ್ರ ಫೋಟೋ ಬಸದಿ ಸಭಾಮಂಟಪದಾಗ ಹಾಕತಾರ. ಚತುರ್ದಶಿ ಮರುದಿನ ಅವ್ವಂದೂ ಹಾಕೂದೈತಿ. ನನಗ ಅಕಿ ನಮ್ಮ ಅಂಗಳದಾಗ ನಿಂತಿರಬೇಕ್ರಿ. ಅಷ್ಟ."

ಶ್ರೇಣಿಕ ಖುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಸಾಂಗಲಿಯೊಳಗ ದೊಡ್ಡ ಲ್ಯಾಬ್ ಅದಾವು, ಅಲ್ಲಿ ಕೊಡ ಜಿನಗೊಂಡ. ನಮ್ಮ ಕಡಿಂದ ಆಗೂದಿಲ್ಲ."

"ಇಟ್ಟ ಹೋಗ್ರಿ," ಎಂದಳು ನೂತನ.

ಜಿನಗೊಂಡ ಶೆಡ್ಡಿನ ಚಿತ್ರವನ್ನೂ ಮನೆ ಬೀಳುವ ಮುಂಚಿನ ಅಂಗಳದ ಚಿತ್ರವನ್ನೂ ಅವಳ ಕಂಪ್ಯೂಟರಿಗೆ ಹಾಕಿಸಿ ಹೋದ. ಆಮೇಲೆ ಶ್ರೇಣಿಕ, "ಹೆಸರ ಕೆಡಿಸ್ಕೊಂಡ ಹೋಗೂದು ಬ್ಯಾಡಾಗಿತ್ತು," ಎಂದ.

"ಇದೊಂದ ಮಾಡ್ತೇನ್ರಿ. ಹೊಳ್ಳಿ ಬಂತಂದ್ರ ಶಟರ್ ನಾನ ಎಳೀತೇನಿ. ನೀವು ಹೇಳೂದೂ ಬ್ಯಾಡ."

ನಾಲ್ಕು ದಿನ ಹಿಡಿಯಿತು. ಶುಭಮನ ಬಟನ್ನು ಮುದುಕಿಯನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಎತ್ತಿಬಿಟ್ಟಿತ್ತು. ನೂತನ ಅಂಚಂಚು ಹಿಡಿದು ಕೈಯಲ್ಲೇ ಬಿಡಿಸಿದಳು. ಸೆರಗಿನ ದಡಿ, ಕಿವಿಯ ಹಿಂದಿನ ನಾಲ್ಕು ಬಿಳಿ ಕೂದಲು, ಬೆರಳುಗಳ ನಡುವಿನ ಸಂದು. ವಾಟಗದ ಹೊಟ್ಟೆಯಲ್ಲಿ ನೀಲಿ ತಾಡಪತ್ರಿಯ ಪ್ರತಿಬಿಂಬ ಪೂರ್ತಿ ಕೂತಿತ್ತು. ಅದನ್ನು ತೆಗೆದು ಅಂಗಳದ ಮಣ್ಣಿನ ಬಣ್ಣ ತುಂಬುವುದಕ್ಕೇ ಒಂದು ಮಧ್ಯಾಹ್ನ ಹೋಯಿತು.

ನೆರಳಿನದೇ ದೊಡ್ಡ ಕಷ್ಟ. ಮೊದಲ ಸಲ ಹಾಕಿದ್ದು ಯಾರೋ ಡಾಂಬರು ಚೆಲ್ಲಿದ ಹಾಗೆ ಕಂಡಿತು. ಶ್ರೇಣಿಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ.

"ಒಂದ ಸಮ ಕರ್ರಗ ಐತಿ. ಹಂಗ ಇರೂದಿಲ್ಲದು. ಹಿಮ್ಮಡದ ಬುಡಕ ಗಟ್ಟಿ ಇರಬೇಕು. ದೂರ ಹೋದಂಗ ಅಂಚ ಮೆತ್ತಗ ಆಗಬೇಕು."

"ಎಷ್ಟ ಮೆತ್ತಗ?"

"ಹೊರಗ ಹೋಗಿ ನೋಡ. ನನ್ನ ಕೇಳಿದ್ರ?"

ಅವಳು ಮಾಳಿಗೆಗೆ ಹೋದಳು. ಒಗೆದ ಬಟ್ಟೆಗಳ ನಡುವೆ ಕೈಯಲ್ಲಿ ವಾಟಗ ಹಿಡಿದು ನಿಂತು ತನ್ನ ನೆರಳನ್ನು ತಾನೇ ಬಗ್ಗಿ ಬಗ್ಗಿ ನೋಡಿದಳು. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸು, "ಏನ ಕಳಕೊಂಡೀರಿ ವೈನಿ?" ಎಂದು ಕೇಳಿದಳು. ಪಾದದ ಹತ್ತಿರ ನೆರಳಿಗೆ ಕತ್ತಿಯಂಥ ಅಂಚು. ತಲೆಯ ಹತ್ತಿರ ಹೋಗುವಷ್ಟರಲ್ಲಿ ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದಷ್ಟು ಕರಗಿತ್ತು. ಕೆಳಗೆ ಬಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಮನೆಯ ಹಳೆಯ ಚಿತ್ರದಲ್ಲಿ ಕಂಬಗಳ ನೆರಳು ಉದ್ದಕ್ಕೆ ಬಾವಿಯ ಕಡೆ ಬಿದ್ದಿತ್ತು. ಶೆಡ್ಡಿನ ಚಿತ್ರದಲ್ಲಿ ಜಿನಗೊಂಡನ ತಾಯಿ ಜಿನಮತಿಯವ್ವನ ನೆರಳು ಅದಕ್ಕೆ ತಿರುಗಾಮುರುಗಾ ಇತ್ತು, ಅದೂ ಗೋಧಿಯ ಚೀಲ ಮತ್ತು ಯಾರದೋ ಕಾಲುಗಳಿಗೆ ಸಿಕ್ಕು ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ನೂತನ ಅದನ್ನು ಅಳಿಸಿ, ಹೊಸ ನೆರಳನ್ನು ಕಂಬಗಳ ನೆರಳಿಗೆ ಸಮನಾಗಿ ಬಾವಿಯ ಕಡೆ ಹಾಸಿದಳು. ಆ ಕಡೆಯ ಕೆನ್ನೆಗೆ ಕತ್ತಲು ಕೊಟ್ಟು, ಈ ಕಡೆಯ ಕೆನ್ನೆಗೆ ಬೆಳಕು ತಂದಳು. ಮುಗಿಯುವ ಹೊತ್ತಿಗೆ ಎದುರಿನ ಕಾರಖಾನೆಯ ಗೋಡೆಯ ನೆರಳು ರಸ್ತೆ ದಾಟಿ ಅವಳ ಅಂಗಡಿಯ ಎರಡನೆಯ ಮೆಟ್ಟಿಲು ಹತ್ತಿತ್ತು. ದಿನವೂ ಅದು ಅಲ್ಲಿಗೆ ಬಂದಾಗಲೇ ಅವಳು ಎದ್ದು ಹೊತ್ತು ಮುಳುಗುವುದರೊಳಗೆ ಊಟಕ್ಕೆ ಎಲೆ ಹಾಕುತ್ತಿದ್ದಳು. ಅಂದೂ ಎದ್ದಳು. ಊಟ ಮಾಡುವಾಗ ಗಂಡನಿಗೆ, "ನಿಂತಾಳ್ರಿ," ಎಂದಷ್ಟೇ ಹೇಳಿದಳು.

ಮರುದಿನ ಜಿನಗೊಂಡ ಬರುವಾಗ ದತ್ತವಾಡದಿಂದ ತನ್ನ ತಾಯಿಯ ತಂಗಿ ಮಾಣಿಕಬಾಯಿಯನ್ನು ಕರೆತಂದ. ಗಿಡ್ಡ, ತೆಳ್ಳನೆಯ ಮುದುಕಿ. ಅಕ್ಕನ ಮುಖವನ್ನೇ ಇನ್ನೊಮ್ಮೆ ಎರಕ ಹೊಯ್ದಂತಿದ್ದಳು.

ಪರದೆ ನೋಡುತ್ತಲೇ ಜಿನಗೊಂಡ ಎದ್ದು ನಿಂತ. "ಅವ್ವಾ!" ಎಂದ. ಶ್ರೇಣಿಕ ಆ ದನಿ ಕೇಳಿ ಖುರ್ಚಿಯ ಕೈ ಹಿಡಿದುಕೊಂಡ.

ಮಾಣಿಕಬಾಯಿ ಮಾತ್ರ ಪರದೆಗೆ ಬಗ್ಗಿ ನೋಡುತ್ತಿದ್ದಳು. "ಜಿನ್ಯಾ, ನಮ್ಮಕ್ಕ ಉಪವಾಸ ಮುರದಿದ್ಳೇನೋ?" ಎಂದು ಕೇಳಿದಳು.

"ಏನಂತೀ ಮಾವಶಿ?"

"ಬಾವಿ ಎತ್ತಾಗೈತಿ ನಿಮ್ಮ ಅಂಗಳದಾಗ?"

"ಮೂಡಲಕ್ಕ."

"ನೆಳ್ಳ ಎತ್ತಾಗ ಬಿದ್ದೈತಿ?"

ಜಿನಗೊಂಡ ಬಾಗಿ ನೋಡಿದ. ನೂತನ ನೋಡಬೇಕಾಗಿರಲಿಲ್ಲ.

"ಬಾವಿ ಕಡೆ ನೆಳ್ಳ ಉದ್ದ ಆಗಿ ಬೀಳೂದು ಯಾವಾಗ? ಸಂಜೀಕ. ದನಾ ಹೊಳ್ಳಿ ಬರೂ ಹೊತ್ತು. ಇಷ್ಟ ಉದ್ದ ಅಂದ್ರ ಹೊತ್ತ ಮುಳಗಾಕ ಬಂದೈತಿ. ಪಾರಣಿ ಮಾಡೂದು ಮುಂಜಾನಿ. ಹತ್ತ ದಿನ ಉಪವಾಸ ಮಾಡಿದಾಕಿ ಹೊತ್ತ ಮುಳಗೂ ಮುಂದ ವಾಟಗಾ ಬಾಯಿಗಿ ಹಚ್ಚಿದ್ಳಂತ ಬಸದ್ಯಾಗ ಗ್ವಾಡಿಗಿ ಹಾಕತೀರೇನು? ಊರ ಮಂದಿ ಎಲ್ಲಾ ಆ ಅಂಗಳದಾಗ ಕುಂತ ಎದ್ದವ್ರು. ಅವ್ರಿಗಿ ತಿಳಿಯೂದಿಲ್ಲೇನು?" ಮಾಣಿಕಬಾಯಿ ನೂತನಳ ಕಡೆ ತಿರುಗಿದಳು. "ಯವ್ವಾ, ನೀನೂ ನಮ್ಮ ಜೈನರ ಮನಿ ಮಗಳ ಅಲ್ಲಾ?"

"ಹೌದ್ರಿ."

"ಮತ್ತ?"

ನೂತನ ಪರದೆಯ ಕಡೆ ತಿರುಗಿದಳು. ದಿನವೂ ಮೆಟ್ಟಿಲ ಮೇಲಿನ ನೆರಳು ನೋಡಿ ಊಟಕ್ಕೆ ಏಳುವವಳು, ನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೆರಳನ್ನೇ ನೋಡಿದವಳು, ಅದು ಎಷ್ಟು ಹೊತ್ತಿನದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೌಸು ಹಿಡಿದು ಶೆಡ್ಡಿನ ಚಿತ್ರದ ವಿವರ ತೆರೆದಳು. ಎಂಟು ಗಂಟೆ ಹನ್ನೆರಡು ನಿಮಿಷ, ಮುಂಜಾನೆ. ಮೊದಲ ದಿನದಿಂದಲೂ ಅಲ್ಲೇ ಬರೆದಿತ್ತು.

"ಅಡ್ಡಿ ಇಲ್ಲ, ಮನಿ ಫೋಟೋ ಮಗ್ಗಲಾ ಬದಲಿ ಮಾಡ," ಎಂದ ಶ್ರೇಣಿಕ. "ಕನ್ನಡ್ಯಾಗ ನೋಡಿದಂಗ. ನೆಳ್ಳ ಆ ಕಡೆ ಹೋಗತೈತಿ."

ನೂತನ ಹಾಗೆಯೇ ಮಾಡಿದಳು. ನೆರಳಿನ ಜೊತೆ ಬಾವಿ ಕೊಟ್ಟಿಗೆಯ ಜಾಗಕ್ಕೂ ಕೊಟ್ಟಿಗೆ ಬಾವಿಯ ಜಾಗಕ್ಕೂ ಜಿಗಿದವು.

"ಇದ್ಯಾರ ಮನಿ?" ಎಂದಳು ಮಾಣಿಕಬಾಯಿ. "ಬೀಗರ ಮನಿ ಇದ್ದಂಗೈತಿ."

ಜಿನಗೊಂಡನಿಗೂ ನಗು ಬಂತು, ತಕ್ಷಣ ಮುಖ ಸಣ್ಣದು ಮಾಡಿಕೊಂಡ. "ಹೋಗ್ಲಿ ಬಿಡ್ರಿ ವೈನಿ. ನೀವು ಭಾಳ ಕಷ್ಟ ಪಟ್ಟೀರಿ. ಬರೇ ಮಾರಿದಷ್ಟ ತಗದ ಕೊಡ್ರಿ. ಹಿಂದ ನೀಲಿ ಬಣ್ಣ ಇರ್ಲಿ, ಎಲ್ಲಾರದೂ ಹಂಗ ಐತಿ."

ಶ್ರೇಣಿಕ ಮುಖವನ್ನು ಶಟರಿನ ಕಡೆ ತಿರುಗಿಸಿದ.

"ಚತುರ್ದಶಿಗೆ ಇನ್ನೂ ಮೂರ ದಿನ ಐತಿ," ಎಂದಳು ನೂತನ. "ನಿಮ್ಮ ಮನಿ ಬಿದ್ದ ಜಾಗಾ ಹಂಗ ಐತೇನ್ರಿ?"

"ಬುನಾದಿ ಐತಿ. ಬಾವಿ ಐತಿ. ನಾವು ಮ್ಯಾಲ ರಸ್ತಾ ಬಾಜೂಕ ಕಟ್ಟೇವಿ. ಯಾಕ್ರಿ?"

"ನಾಳಿ ಮುಂಜಾನಿ ಬಿಸಲ ಬೀಳೂದ್ರೊಳಗ ಬರ್ತೇನಿ. ಮಾವಶಿ, ನೀವು ಇರಬೇಕು. ಆ ಹಸರ ಸೀರಿ ಐತೇನ ಮನ್ಯಾಗ?"

"ಅಕ್ಕನ ಸೀರಿ ನನ್ನ ಟ್ರಂಕಿನ್ಯಾಗ ಐತಿ," ಎಂದಳು ಮಾಣಿಕಬಾಯಿ. ಅವಳು ನೂತನಳನ್ನು ಮೊದಲ ಸಲ ಸರಿಯಾಗಿ ನೋಡುತ್ತಿದ್ದಳು.

ಅಂದು ಸಂಜೆ ಶ್ರೇಣಿಕ, "ನಾನೂ ಬರ್ತೇನಿ," ಎಂದ. "ಕ್ಯಾಮರಾ ನೀ ಹಿಡೀ. ಚೀಲಾ ನಾ ಹಿಡೀತೇನಿ."

ಬೆಳಗಿನ ಮೊದಲ ಎಸ್‌ಟಿ ಬಸ್ಸಿಗೆ ಕುರುಂದವಾಡಕ್ಕೆ ಹೋದರು. ಹೊಳೆಯ ದಂಡೆಯ ಕಡೆಯ ಆ ಓಣಿಯಲ್ಲಿ ಈಗ ಅರ್ಧ ಮನೆಗಳಷ್ಟೇ ಉಳಿದಿದ್ದವು. ಜಿನಗೊಂಡನ ಮನೆಯಿದ್ದಲ್ಲಿ ಕಲ್ಲಿನ ಬುನಾದಿ, ಕಂಬಗಳನ್ನು ಹೊತ್ತಿದ್ದ ಚೌಕಕಲ್ಲುಗಳು, ಬಾವಿ, ಅಷ್ಟೇ. ಜಿನಗೊಂಡ ಹಿಂದಿನ ರಾತ್ರಿಯೇ ಆಳು ಹಚ್ಚದೆ ತಾನೇ ಕಳೆ ಕಿತ್ತು ನೆಲ ಗುಡಿಸಿದ್ದ. ಎಲ್ಲವೂ ಸಿದ್ಧವಿತ್ತು. ಬಿಸಿಲು ಒಂದು ಬರಲಿಲ್ಲ. ಹತ್ತು ಗಂಟೆಯವರೆಗೂ ಮೋಡ ಕವುಚಿಕೊಂಡೇ ಇತ್ತು. ಯಾರಿಗೂ ನೆರಳೇ ಇರಲಿಲ್ಲ, ನಾಲ್ವರೂ ಶುಭಮ ಮಾಡಿದ ಚಿತ್ರದ ಮಂದಿಯ ಹಾಗೆ ನಿಂತಿದ್ದರು.

"ಹತ್ತರ ಬಿಸಲ ಬಂದ್ರೂ ನಡೀತೈತಲ್ರಿ?" ಎಂದ ಜಿನಗೊಂಡ.

"ಇಲ್ರಿ. ಎಂಟ ಹನ್ನೆರಡು. ಆಗಿನ ಬಿಸಲ ಬೇಕು," ಎಂದಳು ನೂತನ. ಅಂದು ಜಿನಗೊಂಡನ ಹೊಸ ಮನೆಯಲ್ಲೇ ಉಳಿದರು.

ಮರುದಿನವೂ ಮೋಡ. ಆರೂವರೆಗೇ ಬಂದು ಕೂತರು. ಹಸಿರು ಸೀರೆ ಉಟ್ಟು ಬಂದ ಮಾಣಿಕಬಾಯಿಯನ್ನು ಕಂಡು ಜಿನಗೊಂಡ ಬೇರೆ ಕಡೆ ಮುಖ ತಿರುಗಿಸಿಕೊಂಡ. ನೂತನ ಹಳೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ಕಂಬದ ಕಲ್ಲನ್ನೂ ಬಾವಿಯ ಅಂಚನ್ನೂ ಅದಕ್ಕೆ ತಾಳೆ ಮಾಡುತ್ತ ಹಿಂದೆ ಮುಂದೆ ಸರಿದಳು. ಕ್ಯಾಮರಾ ನಿಲ್ಲಬೇಕಾದ ಕಡೆ ಒಂದು ಹೆಂಚಿನ ಚೂರು, ಮುದುಕಿ ನಿಲ್ಲಬೇಕಾದ ಕಡೆ ಇನ್ನೊಂದು ಇಟ್ಟಳು.

"ಅಲ್ಲಲ್ಲವಾ," ಎಂದಳು ಮಾಣಿಕಬಾಯಿ. "ಅಕ್ಕ ಅಲ್ಲಿ ಯಾಕ ನಿಂದರತಿದ್ಳು? ಅದು ಕಾಳ ಹರವೂ ಜಾಗಾ. ಪಾರಣಿ ದಿನಾ ಬಸದ್ಯಾಗಿಂದ ಬಂದ್ರ ಈ ಕಲ್ಲಿಗಿ ಬಂದ ನಿಂದ್ರತಿದ್ಳು. ಇಲ್ಲಿಂದ ಎಲ್ಲಾರೂ ಕಾಣತಿದ್ರು ಅಕಿಗೆ, ಯಾರ ಇನ್ನೂ ಉಂಡಿಲ್ಲಂತ." ಅವಳೇ ಹೆಂಚಿನ ಚೂರನ್ನು ಕಾಲಿನಿಂದ ಎರಡು ಮೊಳ ಆಚೆ ತಳ್ಳಿ ಅಲ್ಲಿ ನಿಂತಳು. "ಈ ವಯಸ್ಸಿನ್ಯಾಗ ನನ್ನ ಹೀರೋಯಿನ್ ಮಾಡೀದಿ ನೋಡ."

ನೂತನ ಅವಳ ಕೈಗೆ ವಾಟಗ ಕೊಟ್ಟಳು. ಒಮ್ಮೆ ನೋಡಿ, ತಿರುಗಿ ಇಸಿದುಕೊಂಡು, ಬಾವಿಯಿಂದ ನೀರು ತುಂಬಿ ಮತ್ತೆ ಕೊಟ್ಟಳು. "ಖಾಲಿ ಇದ್ರ ಕೈ ಹಗರ ಕಾಣತೈತ್ರಿ. ಭಾರ ಇರಬೇಕು."

ಏಳೂವರೆ. ಏಳು ನಲವತ್ತು. ಮುದುಕಿ ಕಾಲು ಬದಲಿಸದೆ ನಿಂತಿದ್ದಳು. ಕೂತುಕೊಳ್ಳಿ ಎಂದರೆ, "ಅಕಿ ಹತ್ತ ಉಪವಾಸದ ಮ್ಯಾಲ ನಿಂತಿದ್ಳು, ನಾ ಚಹಾ ಕುಡದ ನಿಂತೇನಿ," ಎಂದಳು. ಜಿನಗೊಂಡ ಆಕಾಶಕ್ಕೂ ಗಡಿಯಾರಕ್ಕೂ ಕತ್ತು ಆಡಿಸಿ ಆಡಿಸಿ ಸೋತ. ಎಂಟಾಯಿತು. ನೂತನ ಕ್ಯಾಮರಾದಿಂದ ಕಣ್ಣು ತೆಗೆಯಲಿಲ್ಲ. ಇಂದೂ ಆಗದಿದ್ದರೆ ನಾಳೆ ಚತುರ್ದಶಿ. ಆಮೇಲೆ ಕೂತು ಮಾಡುವುದಕ್ಕೆ ಹೊತ್ತೇ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬಾವಿಯ ಕಟ್ಟೆಯ ಮೇಲೆ ಮೂಡಲಿಗೆ ಮುಖ ಮಾಡಿ ಕೂತಿದ್ದ ಶ್ರೇಣಿಕ ಇದ್ದಕ್ಕಿದ್ದಂತೆ ಕೈ ಎತ್ತಿದ.

"ನೂತನಾ, ತಯಾರ ಆಗು. ತೆಳ್ಳಗ ಆಗಾಕತ್ತೈತಿ."

"ಎಲ್ಲಿ? ಇನ್ನೂ ಕಪ್ಪ ಐತ್ರಿ," ಎಂದ ಜಿನಗೊಂಡ.

"ನಿಮಗ ಮೋಡ ಕಾಣತೈತಿ. ನನಗ ಬೆಳಕಷ್ಟ ಕಾಣೂದು. ಬಂತು. ಬಂತು… ಈಗ!"

ಬಿಸಿಲು ಬುನಾದಿಯ ಮೇಲೆ ಒಮ್ಮೆಗೇ ಬಿತ್ತು. ಮಾಣಿಕಬಾಯಿ ವಾಟಗ ತುಟಿಗೆ ಹಚ್ಚಿದಳು. ಅವಳ ನೆರಳು ಹಿಮ್ಮಡದಿಂದ ಹೊರಟು, ಕೊಟ್ಟಿಗೆ ಇದ್ದ ದಿಕ್ಕಿಗೆ ನೆಲದ ಮೇಲೆ ಹರಿದು, ಬುನಾದಿಯ ಕಲ್ಲು ಸಿಕ್ಕಿದಲ್ಲಿ ಮುರಿದು, ಮೇಲೆ ಹತ್ತಿ, ಮತ್ತೆ ಮುಂದೆ ಹೋಯಿತು. ಹಾಗೆ ಮುರಿದು ಹತ್ತುವುದು ನೂತನಳಿಗೆ ಹೊಳೆದೇ ಇರಲಿಲ್ಲ. ಅವಳು ಒಂದೇ ಸಮನೆ ತೆಗೆದಳು, ಮುದುಕಿಯನ್ನು, ಕಲ್ಲನ್ನು, ಕಂಬದ ಜಾಗದಲ್ಲಿ ಜಿನಗೊಂಡನನ್ನು ನೆಟ್ಟಗೆ ನಿಲ್ಲಿಸಿ ಅವನ ನೆರಳನ್ನು. ಒಂಬತ್ತು ನಿಮಿಷಕ್ಕೆ ಮೋಡ ಮತ್ತೆ ಮುಚ್ಚಿತು.

"ಸಿಕ್ತೇನ?" ಎಂದ ಶ್ರೇಣಿಕ.

"ಸಿಕ್ತು."

ಬಸ್ಸಿನಲ್ಲಿ ಬರುವಾಗ ಅವನು ಕ್ಯಾಮರಾವನ್ನು ಮಡಿಲಲ್ಲಿಟ್ಟುಕೊಂಡು ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ. ಗಡಹಿಂಗ್ಲಜದಿಂದ ತಮ್ಮನ ಫೋನು ಬಂತು. "ಈಗ ಬಸ್ಸಿನ್ಯಾಗ ಅದೇನಿ. ಆಮ್ಯಾಲ ಮಾತಾಡೂಣು," ಎಂದು ಇಟ್ಟ.

ಅಂದಿನ ಮಧ್ಯಾಹ್ನ ಮತ್ತು ಚತುರ್ದಶಿಯ ಪೂರ್ತಿ ದಿನ ನೂತನ ಖುರ್ಚಿ ಬಿಟ್ಟು ಏಳಲಿಲ್ಲ. ಚತುರ್ದಶಿಯ ಉಪವಾಸ ಅವಳಿಗೂ ಇತ್ತು, ನೀರೂ ಇಲ್ಲ. ಹಳೆಯ ಚಿತ್ರದಲ್ಲಿ ಕಂಬಗಳು ಬಾವಿಯ ಕಡೆ ಚೆಲ್ಲಿದ್ದ ಸಂಜೆಯ ನೆರಳನ್ನೆಲ್ಲ ಒಂದೊಂದಾಗಿ ಒರೆಸಿದಳು, ಒರೆಸಿದ ಕಡೆ ಮಣ್ಣು ಕೂರಿಸಿದಳು. ಆಮೇಲೆ ಪ್ರತಿ ಕಂಬಕ್ಕೂ ಕೊಟ್ಟಿಗೆಯ ಕಡೆ ಮುಂಜಾನೆಯ ನೆರಳು ಕೊಟ್ಟಳು. ಗೋಡೆಯ ಕೆಂಪು ಬೆಳಕನ್ನು ಇಳಿಸಿದಳು. ಜಿನಮತಿಯವ್ವನ ಮುಖಕ್ಕೆ ಮೊದಲು ತಾನೇ ಬಳಿದಿದ್ದ ಕತ್ತಲನ್ನು ತೆಗೆದಾಗ ಶೆಡ್ಡಿನ ಮುಂದಿನ ನಿಜವಾದ ಬಿಸಿಲು ಕೆನ್ನೆಯ ಮೇಲೆ ಹಾಗೇ ಇತ್ತು. ಶ್ರೇಣಿಕ ಹಿಂದೆ ನಿಂತು ಬೆಳಕು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಹೇಳುತ್ತ ಹೋದ. ಒಂದು ಹೊತ್ತಿನಲ್ಲಿ ಅವನು ಹೇಳುವುದನ್ನು ನಿಲ್ಲಿಸಿ ಬರೀ ಹ್ಞೂಂಗುಟ್ಟಿದ. ಎದುರಿನ ಗೋಡೆಯ ನೆರಳು ಮೆಟ್ಟಿಲು ಹತ್ತುವಷ್ಟರಲ್ಲಿ ದೊಡ್ಡ ಕಾಗದದ ಮೇಲೆ ಚಿತ್ರ ಹೊರಬಂತು.

ಮರುದಿನ ಮುಂಜಾನೆ ಅವರು ಕುರುಂದವಾಡ ತಲುಪಿದಾಗ ಬಸದಿಯ ಪೂಜೆ ಮುಗಿಸಿ ಜಿನಗೊಂಡನ ಮನೆಯವರೆಲ್ಲ ಹಳೆಯ ಅಂಗಳಕ್ಕೇ ಬಂದಿದ್ದರು. ಪಾರಣೆ ಇಲ್ಲೇ ಎಂದು ಮಾಣಿಕಬಾಯಿ ಹಟ ಹಿಡಿದಿದ್ದಳಂತೆ. ಬುನಾದಿಯ ಮೇಲೆ ಹೆಸರುಬೇಳೆ ಕಟ್ಟಿನ ಪಾತ್ರೆ, ಒಂದರ ಮೇಲೊಂದು ವಾಟಗಗಳು. ಆಕಾಶ ತೊಳೆದ ಹಾಗಿತ್ತು.

ಜಿನಗೊಂಡ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಚಿತ್ರವನ್ನು ಮಾವಶಿಗೆ ಕೊಟ್ಟ.

ಮಾಣಿಕಬಾಯಿ ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ನೆರಳಿನ ಮೇಲೆ ಬೆರಳು ಇಟ್ಟಳು.

"ಇದು ನನ್ನ ನೆಳ್ಳ ಏನ?"

"ಹಿಮ್ಮಡದಿಂದ ಮೊಣಕಾಲತನಕ ನಿಮ್ಮ ಅಕ್ಕಾ ಅವರದ," ಎಂದಳು ನೂತನ. "ಶೆಡ್ಡಿನ ಫೋಟೋದಾಗ ಅಷ್ಟ ಉಳದಿತ್ತು. ಮೊದಲ ನಾ ಅದನ್ನ ಅಳಿಸಿ ಒಗದಿದ್ನಿ. ಹೊಳ್ಳಿ ತಂದ ಹಚ್ಚೇನಿ. ಅಲ್ಲಿಂದ ಮ್ಯಾಲಿಂದು ನಿಮ್ದು."

"ಜೋಡಿಸಿದ್ದ ಎಲ್ಲಿ?"

"ಕಾಣೂದಿಲ್ರಿ."

ಮುದುಕಿ ಮತ್ತೊಮ್ಮೆ ಹುಡುಕಿದಳು. ಸಿಗಲಿಲ್ಲ. ಪಾರಣೆಗೆ ಕಾದ ಹುಡುಗರು ಪಾತ್ರೆಯ ಸುತ್ತ ಗುಸುಗುಸು ಎನ್ನುತ್ತಿದ್ದರು. ಶ್ರೇಣಿಕ ಬಾವಿಯ ಹತ್ತಿರ ನಿಂತು ಕಿವಿಗೊಟ್ಟಿದ್ದ.

ಮಾಣಿಕಬಾಯಿ ಮೊಣಕಾಲ ಮೇಲೆ ಕೈ ಊರಿ ನಿಧಾನಕ್ಕೆ ಬುನಾದಿಯ ಮೇಲೆ ಕೂತಳು. ಚಿತ್ರವನ್ನು ಕಲ್ಲಿನ ಮೇಲೆ ಅಂಗಾತ ಇಟ್ಟಳು. ಪಕ್ಕದಲ್ಲಿ ಒಂದು ವಾಟಗ ಇಟ್ಟು, ಅದರ ನೆರಳು ನೋಡಿದಳು. ಆಮೇಲೆ ಕಾಗದದ ಮೂಲೆ ಹಿಡಿದು ಚಿತ್ರವನ್ನು ಒಂದಿಷ್ಟು ತಿರುಗಿಸಿದಳು, ಇನ್ನೊಂದಿಷ್ಟು, ಇನ್ನೊಂದು ಎಳ್ಳಷ್ಟು. ಚಿತ್ರದ ಬಾವಿ ಬಾವಿಯ ಕಡೆ ಬಂತು, ಕೊಟ್ಟಿಗೆ ಕೊಟ್ಟಿಗೆಯಿದ್ದ ಕಡೆ ಹೋಯಿತು, ಒಳಗಿನ ಅಕ್ಕನ ನೆರಳೂ ಹೊರಗಿನ ವಾಟಗದ ನೆರಳೂ ಒಂದೇ ದಿಕ್ಕಿಗೆ ಮಲಗಿದವು. ಅವಳು ಕೈ ತೆಗೆದಳು.

"ಹೊತ್ತಾತು," ಎಂದಳು. "ಹಾಕವಾ. ಮೊದಲ ಈ ಫೋಟೋ ಮಾಡಿದಾಕಿಗೆ ಕೊಡ, ನಿನ್ನಿಂದ ನೀರೂ ಕುಡದಿಲ್ಲ."

ಜಿನಗೊಂಡನ ಹೆಂಡತಿ ತುಂಬಿ ಕೊಟ್ಟ ವಾಟಗವನ್ನು ನೂತನ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಸಿ ಇತ್ತು. ನಿಂತುಕೊಂಡೇ ತುಟಿಗೆ ಹಚ್ಚಿದಳು.